ಆಡುವುದು ಬೇರೆ, ಆಡಿಸುವುದು ಬೇರೆ

ಆಟ ನಿಲ್ಲಿಸಿ ಕೋಚಿಂಗ್‌ಗೆ ಬರುವ ಮಹಿಳಾ ಕ್ರಿಕೆಟಿಗರ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಆಟಗಾರ್ತಿಯರ ಪತ್ರಗಳಷ್ಟೇ ಅಪ್ಪ ಅಮ್ಮಂದಿರ, ಪಿ.ಟಿ. ಟೀಚರುಗಳ ಪತ್ರಗಳೂ ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ: ನನಗೆ 27 ವರ್ಷ. ಅಂಡರ್-19 ಮತ್ತು ಅಂಡರ್-23ರಲ್ಲಿ ರಾಜ್ಯಕ್ಕೆ ಆಡಿದ್ದೇನೆ. ಎರಡು ವರ್ಷದಿಂದ ಸೀನಿಯರ್ ಸಂಭಾವ್ಯರ ಪಟ್ಟಿಯಲ್ಲೂ ಹೆಸರಿಲ್ಲ. ಕೋಚ್ ಆಗುವ ಆಸೆ. ಮೊದಲು ಕೋರ್ಸ್ ಮಾಡಲೋ, ಕೆಲಸ ಹುಡುಕಲೋ? – ಮಾಜಿ ಆಟಗಾರ್ತಿ, ಹುಬ್ಬಳ್ಳಿ

ಉತ್ತರ: ಎರಡಕ್ಕೂ ಮೊದಲು ಒಂದು ಸೀಸನ್ ಯಾರಾದರೂ ಅನುಭವಿ ಕೋಚ್ ಹಿಂದೆ ನಿಲ್ಲಿ. ಸಂಬಳ ಕೇಳಬೇಡಿ, ಬಸ್ ಚಾರ್ಜು ಕೇಳಿ. ಪ್ರತಿದಿನ ಒಂದು ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆಯಿರಿ: ಇವತ್ತು ಏನು ಕಲಿಸಲು ಹೊರಟರು, ಹುಡುಗಿಯರು ನಿಜವಾಗಿ ಏನು ಮಾಡಿದರು, ಎಲ್ಲಿ ಕೈಕೊಟ್ಟಿತು. ಮೂರನೆಯ ಸಾಲು ತುಂಬುವುದು ಕಷ್ಟ, ಆದರೆ ಕೆಲಸಕ್ಕೆ ಬರುವುದು ಅದೇ. ಆಡುವಾಗ ನಿಮ್ಮ ಕಣ್ಣು ಚೆಂಡಿನ ಮೇಲಿತ್ತು. ಈಗ ಅದು ಚೆಂಡನ್ನು ಬಿಟ್ಟು ಆಡುವವಳ ಕಾಲು, ಸೊಂಟ, ತಲೆಯ ಮೇಲೆ ನಿಲ್ಲಬೇಕು. ಒಂದು ಸೀಸನ್ ಕಳೆದರೂ ಚೆಂಡು ಎಲ್ಲಿಗೆ ಹೋಯಿತು ಎಂದೇ ನೋಡುತ್ತಿದ್ದರೆ ನೀವಿನ್ನೂ ಆಟಗಾರ್ತಿಯೇ.

ಆಮೇಲೆ ಕೋರ್ಸ್. ಬಿಸಿಸಿಐ ಏಣಿಯಲ್ಲಿ ಕೆಳಗೆ ‘ಓ’ ಲೆವೆಲ್, ಅದರ ಮೇಲೆ ಒಂದು, ಎರಡು, ಮೂರು. ಅರ್ಜಿ ರಾಜ್ಯ ಸಂಸ್ಥೆಯ ಮೂಲಕವೇ ಹೋಗಬೇಕು. ನಿಮಗೆ ಅದು ಕೆಎಸ್‌ಸಿಎ (ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ), ಹತ್ತಿರದ ಬಾಗಿಲು ಧಾರವಾಡ ವಲಯ. ಅರ್ಜಿ ಹಾಕುವ ಹೊತ್ತಿಗೆ ಅಂಡರ್-19, ಅಂಡರ್-23 ಪಂದ್ಯಗಳ ಸ್ಕೋರ್‌ಕಾರ್ಡ್, ನೋಂದಣಿ ಪತ್ರ, ಹತ್ತನೇ ತರಗತಿ ಅಂಕಪಟ್ಟಿ ಒಂದೇ ಫೈಲಿನಲ್ಲಿರಲಿ. ಆಧಾರ್‌ನಲ್ಲಿ ಒಂದು ಇನಿಷಿಯಲ್, ಆಟದ ದಾಖಲೆಯಲ್ಲಿ ಇನ್ನೊಂದು ಇದ್ದರೆ ಕಡತ ಅಲ್ಲೇ ಕೂರುತ್ತದೆ. ಈಗಲೇ ಸರಿಮಾಡಿಸಿ. ಬಿಸಿಸಿಐ ಸೀಟು ಸಿಗುವುದು ತಡವಾದರೆ ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾ ಇನ್ನೊಂದು ದಾರಿ. ಶಾಲೆ ಕಾಲೇಜುಗಳಲ್ಲಿ ಅದಕ್ಕೆ ಬೆಲೆ ಇದೆ. ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ತರಬೇತಿ ಯಾವ ದಾರಿ ಹಿಡಿದರೂ ಬೇಕು.

ರಾಜ್ಯಕ್ಕೆ ಆಡಿದವರು ಕೋರ್ಸಿನ ಪ್ರಾಯೋಗಿಕ ಪರೀಕ್ಷೆಯಲ್ಲಿ ಎಡವುವುದು ಡ್ರೈವ್ ಹೊಡೆಯಲು ಬಾರದೆ ಅಲ್ಲ. ‘ಆರು ಮಕ್ಕಳಿಗೆ ಹತ್ತು ನಿಮಿಷದಲ್ಲಿ ಲಾಂಗ್ ಬ್ಯಾರಿಯರ್ (ಮೊಣಕಾಲೂರಿ ಕಾಲನ್ನೇ ಅಡ್ಡವಾಗಿಸಿ ಚೆಂಡು ತಡೆಯುವುದು) ಕಲಿಸಿ’ ಅಂದರೆ ಏಳು ನಿಮಿಷ ತಾವೇ ಮಾತಾಡುತ್ತಾರೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ. ಒಂದು ನಿಮಿಷ ಮಾತು, ಒಂದು ನಿಮಿಷ ತೋರಿಸುವುದು, ಉಳಿದ ಎಂಟು ನಿಮಿಷ ಚೆಂಡು ಮಕ್ಕಳ ಕೈಯಲ್ಲಿ.

ಕ್ಲಬ್ ಆಟ ಈಗಲೇ ಬಿಡಬೇಕಿಲ್ಲ. ಆದರೆ ಯಾವ ಆಯ್ಕೆಗೆ ನೀವೂ ಸ್ಪರ್ಧಿಯೋ ಆ ಗುಂಪಿಗೆ ಕೋಚ್ ಆಗಬೇಡಿ. ಅಂಡರ್-15ಕ್ಕೆ ಹೋಗಿ.

ಪ್ರಶ್ನೆ: ಭಾರತಕ್ಕೆ ಆಡಿದವರಿಗೆ ಮಾತ್ರ ದೊಡ್ಡ ತಂಡದ ಕೋಚ್ ಹುದ್ದೆ ಸಿಗುತ್ತದೆಯೇ? ಮಗಳು ಜಿಲ್ಲಾ ಮಟ್ಟದಲ್ಲಿ ನಿಂತುಬಿಟ್ಟಿದ್ದಾಳೆ. – ತಂದೆ, ವಿಜಯಪುರ

ಉತ್ತರ: ಭಾರತಕ್ಕೆ ಆಡಿದ್ದರೆ ಬಾಗಿಲು ಬೇಗ ತೆರೆಯುತ್ತದೆ. ಒಳಗೆ ಹೋದ ಮೇಲೆ ಆ ಕ್ಯಾಪ್ ಹೆಚ್ಚು ದಿನ ಕಾಪಾಡುವುದಿಲ್ಲ. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಭಾರತದ ಮಹಿಳೆಯರು ಮೊದಲ ಏಕದಿನ ವಿಶ್ವಕಪ್ ಗೆದ್ದಾಗ ಕೋಚ್ ಆಗಿದ್ದವರು ಅಮೋಲ್ ಮಜುಂದಾರ್. ರಣಜಿಯಲ್ಲಿ ರಾಶಿ ರಾಶಿ ರನ್ ಹೊಡೆದೂ ಭಾರತಕ್ಕೆ ಒಂದು ಪಂದ್ಯವನ್ನೂ ಆಡದವರು.

ಇನ್ನೊಂದು ಕಡೆಯಿಂದ ನೋಡಿ. 2005ರ ಏಪ್ರಿಲ್‌ನಲ್ಲಿ ಸೆಂಚುರಿಯನ್‌ನಲ್ಲಿ ಆಸ್ಟ್ರೇಲಿಯಾ ಎದುರು ವಿಶ್ವಕಪ್ ಫೈನಲ್ ಆಡಿ 98 ರನ್‌ಗಳಿಂದ ಸೋತ ಭಾರತದ ಹನ್ನೊಂದು ಮಂದಿ ಆಮೇಲೆ ಏನಾದರು? ಜೂಲನ್ ಗೋಸ್ವಾಮಿ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ಮುಂಬೈ ಇಂಡಿಯನ್ಸ್‌ನ ಬೌಲಿಂಗ್ ಕೋಚ್ ಮತ್ತು ಮೆಂಟರ್ ಆದರು. ಮಿಥಾಲಿ ರಾಜ್ ಅದೇ ಲೀಗ್‌ನ ಗುಜರಾತ್ ಜೈಂಟ್ಸ್‌ಗೆ ಮೆಂಟರ್ ಆಗಿದ್ದರು. ಹೇಮಲತಾ ಕಲಾ, ನೀತು ಡೇವಿಡ್, ಅಮಿತಾ ಶರ್ಮಾ ಮೂವರೂ ಒಂದೊಂದು ಅವಧಿಗೆ ಆಯ್ಕೆ ಸಮಿತಿಯ ಮುಖ್ಯಸ್ಥರು. ಅಂಜುಮ್ ಚೋಪ್ರಾ ವೀಕ್ಷಕ ವಿವರಣೆಗೆ ಹೋದರು. ವಿಕೆಟ್ ಕೀಪರ್ ಅಂಜು ಜೈನ್ ಮತ್ತು ಆಫ್‌ಸ್ಪಿನ್ನರ್ ನೂಶಿನ್ ಅಲ್ ಖದೀರ್ ಪೂರ್ಣಾವಧಿ ಕೋಚ್‌ಗಳಾದರು. ಒಂದೇ ಫೈನಲ್ ಆಡಿದವರಿಂದ ಇಷ್ಟು ಬಗೆಯ ವೃತ್ತಿಗಳು ಹೊರಟಿವೆ.

ಕನ್ನಡದ ಓದುಗರಿಗೆ ನೂಶಿನ್ ಹತ್ತಿರದವರು, ಕಲಬುರಗಿ ಮೂಲ. 78 ಏಕದಿನ ಪಂದ್ಯಗಳಲ್ಲಿ ಸರಿಯಾಗಿ 100 ವಿಕೆಟ್. ಅಂತರರಾಷ್ಟ್ರೀಯ ಟಿ20 ಆಡಿದ್ದು ಎರಡೇ ಎರಡು. ಆದರೆ ಕೋಚ್ ಆಗಿ ಗೆದ್ದಿರುವುದು ಎರಡು ಟಿ20 ವಿಶ್ವಕಪ್! 2023ರ ಜನವರಿ 29ರಂದು ಪಾಚೆಫ್‌ಸ್ಟ್ರೂಮ್‌ನಲ್ಲಿ ಅಂಡರ್-19 ಹುಡುಗಿಯರು ಇಂಗ್ಲೆಂಡನ್ನು 68ಕ್ಕೆ ಕಟ್ಟಿಹಾಕಿ ಏಳು ವಿಕೆಟ್‌ಗಳಿಂದ ಗೆದ್ದಾಗ ನಾಯಕಿ ಶಫಾಲಿ ವರ್ಮಾ. 2025ರ ಫೆಬ್ರವರಿ 2ರಂದು ಕ್ವಾಲಾಲಂಪುರದಲ್ಲಿ ದಕ್ಷಿಣ ಆಫ್ರಿಕಾ 82ಕ್ಕೆ ಆಲೌಟ್, ಭಾರತಕ್ಕೆ ಒಂಬತ್ತು ವಿಕೆಟ್‌ಗಳ ಗೆಲುವು. ಆ ತಂಡದ ನಾಯಕಿ ಕರ್ನಾಟಕದ ನಿಕಿ ಪ್ರಸಾದ್, ಜೊತೆಗೆ ನಮ್ಮ ಮಿಥಿಲಾ ವಿನೋದ್ ಕೂಡ ಇದ್ದರು. ಎರಡು ಸಲವೂ ಮುಖ್ಯ ಕೋಚ್ ನೂಶಿನ್.

ಅಂಜು ಜೈನ್ ಕತೆಯೂ ಹಾಗೆಯೇ. ಭಾರತದ ಮಹಿಳೆಯರು ಮೊದಲ ಟಿ20 ಆಡಿದ್ದು 2006ರಲ್ಲಿ. ಅವರು ಅಷ್ಟರಲ್ಲಿ ಆಟ ಮುಗಿಸಿದ್ದರು. 2018ರ ಜೂನ್‌ನಲ್ಲಿ ಏಷ್ಯಾ ಕಪ್ ಟಿ20 ಫೈನಲ್‌ನ ಕೊನೆಯ ಎಸೆತದಲ್ಲಿ ಬಾಂಗ್ಲಾದೇಶ ಗೆದ್ದಾಗ ಆ ತಂಡದ ಕೋಚ್ ಅವರೇ. ಸೋತದ್ದು ಭಾರತ. ತಾನು ಆಡದ ಆಟವನ್ನು ಕಲಿಸಬೇಕಾದರೆ ಮೊದಲು ತಾನೇ ಕೂತು ಕಲಿಯಬೇಕು. ಆ ತಾಳ್ಮೆ ಎಷ್ಟೋ ದೊಡ್ಡ ಆಟಗಾರರಿಗೆ ಇರುವುದಿಲ್ಲ.

ಬೆಂಗಳೂರಿನ ಮಮತಾ ಮಾಬೆನ್ ಹೆಸರು ಬಿಡುವಂತಿಲ್ಲ. 2004ರಲ್ಲಿ ಕ್ಯಾಂಡಿಯಲ್ಲಿ ಶ್ರೀಲಂಕಾ ವಿರುದ್ಧ 10 ರನ್‌ಗೆ 6 ವಿಕೆಟ್ ಕಿತ್ತವರು, ಭಾರತದ ನಾಯಕಿಯಾಗಿದ್ದವರು. ಆಮೇಲೆ ಬಾಂಗ್ಲಾದೇಶ ಮತ್ತು ಚೀನಾ ಮಹಿಳಾ ತಂಡಗಳಿಗೆ ಕೋಚ್ ಆದರು, ಕರ್ನಾಟಕ ತಂಡಕ್ಕೂ ಕಲಿಸಿದರು. ಚೀನಾದಂಥ ಕಡೆ ಕ್ರಿಕೆಟ್ಟನ್ನು ಟಿವಿಯಲ್ಲೂ ನೋಡದೆ ಬೆಳೆದವರಿಗೆ ಆಟ ಹೇಳಿಕೊಡಬೇಕು. ನಮ್ಮಲ್ಲಿ ಗಲ್ಲಿಯ ಮಕ್ಕಳಿಗೂ ಗೊತ್ತಿರುವ ‘ರನ್ ಔಟ್ ಆಗದಂತೆ ಬ್ಯಾಟ್ ಊರು’ ಎಂಬುದೂ ಅಲ್ಲಿ ಒಂದು ಪಾಠ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ಜಿಲ್ಲಾ ಮಟ್ಟದವಳಿಗೆ ನೇರವಾಗಿ ರಾಜ್ಯ ತಂಡ ಸಿಗುವುದಿಲ್ಲ. ಶಾಲೆ, ವಲಯ, ಅಂಡರ್-15ರ ಸಹಾಯಕ ಕೋಚ್ ಎಂದು ಹತ್ತಬೇಕು. ಎಂಟು ಹತ್ತು ವರ್ಷ ಹಿಡಿಯುತ್ತದೆ ಎಂದುಕೊಂಡೇ ಹೊರಡಲಿ. ವಿಜಯಪುರದಿಂದ ರಾಜೇಶ್ವರಿ ಗಾಯಕವಾಡ್ ಭಾರತ ತಂಡದವರೆಗೆ ಹೋದರು. ಅವರ ದಾರಿ ನೋಡಿ ಅಲ್ಲಿ ಚೆಂಡು ಹಿಡಿದಿರುವ ಹುಡುಗಿಯರಿಗೆ ಊರಲ್ಲೇ ಇರುವ ಕೋಚ್ ಬೇಕು.

ಪ್ರಶ್ನೆ: ನಮ್ಮ ಶಾಲೆಯಲ್ಲಿ 12ರಿಂದ 15 ವರ್ಷದ 20 ಹುಡುಗಿಯರು ಕ್ರಿಕೆಟ್‌ಗೆ ಬರುತ್ತಾರೆ. ಇರುವುದು ಒಂದು ನೆಟ್, ಸಂಜೆ ಎರಡು ಗಂಟೆ. ಹೇಗೆ ಹೊಂದಿಸುವುದು? – ದೈಹಿಕ ಶಿಕ್ಷಣ ಶಿಕ್ಷಕಿ, ಮಂಗಳೂರು

ಉತ್ತರ: ಒಂದು ನೆಟ್‌ಗೆ 20 ಜನರನ್ನು ಸಾಲು ನಿಲ್ಲಿಸಿದರೆ 120 ನಿಮಿಷದಲ್ಲಿ ಒಬ್ಬಳಿಗೆ ಬ್ಯಾಟಿಂಗ್ ಸಿಗುವುದು ಆರು ನಿಮಿಷ. ಉಳಿದ ಹೊತ್ತೆಲ್ಲ ಹರಟೆ. ಮೂರನೇ ವಾರಕ್ಕೆ ಅರ್ಧ ಮಂದಿ ಬರುವುದಿಲ್ಲ. ಕ್ರಿಕೆಟ್ ಬೇಸರವಾಗಿ ಬಿಟ್ಟರು ಎಂದುಕೊಳ್ಳುತ್ತೇವೆ. ಬೇಸರವಾಗಿರುವುದು ಸಾಲಿನಲ್ಲಿ ನಿಲ್ಲುವುದು.

ಐದೈದು ಜನರ ನಾಲ್ಕು ಗುಂಪು ಮಾಡಿ. ಮೊದಲ 15 ನಿಮಿಷ ವಾರ್ಮ್ ಅಪ್, 20 ನಿಮಿಷ ಎಲ್ಲರಿಗೂ ಒಟ್ಟಿಗೆ ಫೀಲ್ಡಿಂಗ್. ಆಮೇಲೆ ನಾಲ್ಕು ಜಾಗ, ಒಂದೊಂದರಲ್ಲಿ 13 ನಿಮಿಷ, ಒಟ್ಟು 52. ಅದಾದ ಮೇಲೆ 25 ನಿಮಿಷ ಪಂದ್ಯದ ಸಂದರ್ಭ ಕೊಟ್ಟು ಆಡಿಸಿ: ‘ಕೊನೆಯ ಐದು ಓವರ್, 30 ರನ್ ಬೇಕು, ನಾಲ್ಕು ವಿಕೆಟ್ ಇದೆ.’ ಉಳಿದ ಎಂಟು ನಿಮಿಷ ಮೈ ಸಡಿಲಿಸಲು.

ನಾಲ್ಕು ಜಾಗ ಹೀಗೆ. ನೆಟ್‌ನಲ್ಲಿ ಒಬ್ಬಳು ಬ್ಯಾಟಿಂಗ್, ಒಬ್ಬಳು ಕೀಪಿಂಗ್, ಮೂವರು ಬೌಲಿಂಗ್. ನಿಮಿಷ ನೋಡಬೇಡಿ, 12 ಚೆಂಡಿಗೆ ಬದಲಿಸಿ. 13 ನಿಮಿಷದಲ್ಲಿ ಐವರಿಗೂ ಬ್ಯಾಟ್ ಸಿಗುತ್ತದೆ. ಎರಡನೆಯದು ಗೋಡೆಯ ಹತ್ತಿರ ಟೆನಿಸ್ ಬಾಲ್, ಎಂಟು ಮೀಟರ್ ದೂರದಿಂದ ಅಂಡರ್‌ಆರ್ಮ್ ಎಸೆತ, ಒಂದೇ ಒಂದು ಹೊಡೆತ. ಇವತ್ತು ಡ್ರೈವ್ ಅಂದರೆ ಡ್ರೈವ್ ಮಾತ್ರ. ಮೂರನೆಯದು ಕ್ಯಾಚ್. ನಾಲ್ಕನೆಯದು ವಿಕೆಟ್‌ಗಳ ನಡುವೆ ಓಟ. ಇಲ್ಲಿ ಎಷ್ಟೋ ಟೀಚರುಗಳು ಸ್ಟಂಪಿನಿಂದ ಸ್ಟಂಪಿಗೆ 20.12 ಮೀಟರ್ ಓಡಿಸುತ್ತಾರೆ. ಪಂದ್ಯದಲ್ಲಿ ಓಡುವುದು ಸ್ಟಂಪಿನ ಮುಂದಿನ ಗೆರೆಯಾದ ಒಂದು ಪಾಪಿಂಗ್ ಕ್ರೀಸಿನಿಂದ ಇನ್ನೊಂದಕ್ಕೆ, ಅದು 17.68 ಮೀಟರ್. ಸುಣ್ಣದಲ್ಲಿ ಗೆರೆ ಹಾಕಿ. ಬ್ಯಾಟನ್ನು ಗೆರೆಗೆ ಮೊದಲೇ ನೆಲಕ್ಕಿಟ್ಟು ಜಾರಿಸಿಕೊಂಡು ಹೋಗುವುದನ್ನೂ ಆಗಲೇ ಕಲಿಸಿ.

ಚೆಂಡಿನ ತೂಕ ನೋಡಿ ಕೊಳ್ಳಿ. ಗಂಡಸರ ಚೆಂಡು 156ರಿಂದ 163 ಗ್ರಾಂ, ಹೆಂಗಸರದ್ದು 140ರಿಂದ 151, ಹದಿಮೂರರ ಒಳಗಿನವರದ್ದು 133ರಿಂದ 144. ಅಂಗಡಿಯಲ್ಲಿ ‘ಎಲ್ಲಾ ಒಂದೇ ಮೇಡಂ’ ಎಂದು 160 ಗ್ರಾಮಿನದ್ದನ್ನೇ ಕೊಡುತ್ತಾರೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ ತಿಳಿಯುತ್ತದೆ. ದೊಡ್ಡ ಚೆಂಡು ಕೊಟ್ಟರೆ ಸಣ್ಣ ಕೈಯ ಸ್ಪಿನ್ನರ್ ಅದನ್ನು ಬೆರಳಲ್ಲಿ ಹಿಡಿಯಲಾರದೆ ಅಂಗೈಗೆ ತುರುಕುತ್ತಾಳೆ. ಚೆಂಡು ತಿರುಗುವುದಿಲ್ಲ. ‘ಇವಳಿಗೆ ಸ್ಪಿನ್ ಬರಲ್ಲ’ ಎಂದು ನಾವು ತೀರ್ಮಾನಿಸುತ್ತೇವೆ. ನಿಮ್ಮ ಕಡೆಯ ಮಳೆಗಾಲದಲ್ಲಿ ನೀರು ಕುಡಿದ ಚೆಂಡು ಇನ್ನೂ ಭಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಭಾಂಗಣದಲ್ಲಿ ಟೆನಿಸ್ ಬಾಲೇ ಸಾಕು.

ಬ್ಯಾಟಿಗೂ ಒಂದು ಪರೀಕ್ಷೆ ಇದೆ. ಮೇಲಿನ ಕೈಯೊಂದರಲ್ಲೇ ಹಿಡಿ ಹಿಡಿದು ಬ್ಯಾಟನ್ನು ಮುಂದಕ್ಕೆ ನೇರ ಚಾಚಿ ಹತ್ತು ಎಣಿಸಲಿ. ಅಷ್ಟರಲ್ಲಿ ತುದಿ ಇಳಿದರೆ ಬ್ಯಾಟ್ ಭಾರ. ಅಣ್ಣನ ಹಳೇ ಬ್ಯಾಟ್ ತಂದವಳು ಎಲ್ಲಾ ಚೆಂಡನ್ನೂ ಲೆಗ್ ಸೈಡಿಗೆ ಎಳೆಯುತ್ತಿದ್ದರೆ ಬೈಯಬೇಡಿ. ಮೇಲಿನ ಕೈಗೆ ಭಾರ ತಡೆಯಲಾಗದೆ ಕೆಳಗಿನ ಕೈ ಎಳೆಯುತ್ತಿದೆ.

ವಾರ್ಮ್ ಅಪ್‌ನ 15 ನಿಮಿಷ ಕತ್ತರಿಸಬೇಡಿ. ಹಾರಿ ಇಳಿಯುವಾಗ, ತಟ್ಟನೆ ತಿರುಗುವಾಗ ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಒಂಟಿ ಕಾಲಲ್ಲಿ ಹಾರಿ ಇಳಿದು ಮೂರು ಸೆಕೆಂಡ್ ಅಲುಗಾಡದೆ ನಿಲ್ಲುವುದು, ಪ್ರತಿ ಕಾಲಿಗೆ ಆರು ಸಲ, ವಾರಕ್ಕೆ ಕಡಿಮೆಯೆಂದರೆ ಎರಡು ದಿನ. ನೀವು ಎದುರು ನಿಂತು ಮೊಣಕಾಲು ನೋಡಿ. ಅದು ಒಳಕ್ಕೆ ಬಾಗದೆ ಪಾದದ ನೇರಕ್ಕೆ ಇರಬೇಕು.

ಪ್ರಶ್ನೆ: ಮಗಳಿಗೆ 14, ಬಲಗೈ ವೇಗದ ಬೌಲರ್. ಒಂದು ತಿಂಗಳಿಂದ ಸೊಂಟದ ಎಡಭಾಗದಲ್ಲಿ ನೋವು. ‘ಬೆಳೆಯುವ ವಯಸ್ಸು, ಹೋಗುತ್ತೆ’ ಅಂತಾರೆ. – ತಾಯಿ, ಶಿವಮೊಗ್ಗ

ಉತ್ತರ: ಹೋಗುತ್ತೆ ಅಂತ ಕಾಯಬೇಡಿ ತಾಯಿ. ಈ ವಾರವೇ ಬೌಲಿಂಗ್ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಬಲಗೈ ಬೌಲರ್‌ಗೆ ಎಡ ಸೊಂಟದಲ್ಲಿ ನೋವು ಅಂದರೆ ಬೆನ್ನೆಲುಬಿನ ಕೆಳಭಾಗದಲ್ಲಿ ಸ್ಟ್ರೆಸ್ ಫ್ರಾಕ್ಚರ್ (ಮತ್ತೆ ಮತ್ತೆ ಬೀಳುವ ಒತ್ತಡದಿಂದ ಮೂಳೆಯಲ್ಲಿ ಸಣ್ಣ ಬಿರುಕು) ಶುರುವಾಗಿರಬಹುದು ಎಂದು ಮೊದಲು ಅನುಮಾನಿಸಬೇಕು. ಎಡಗಾಲ ಮೇಲೆ ನಿಂತು ಹಿಂದಕ್ಕೆ ಬಾಗಿದಾಗ ನೋವು ಹೆಚ್ಚಾದರೆ ಅದನ್ನೂ ವೈದ್ಯರಿಗೆ ಹೇಳಿ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐ ಬೇಕಾಗಬಹುದು. ಇದೇ ಆಗಿದ್ದರೆ ಹಲವು ತಿಂಗಳು ಬೌಲಿಂಗ್ ಇಲ್ಲ. ಆ ಅವಧಿಯಲ್ಲಿ ವೈದ್ಯರು ಒಪ್ಪಿದರೆ ಬ್ಯಾಟಿಂಗ್ ಮಾಡಬಹುದು. ನೋವು ನಿಂತಿತೆಂದು ಮೂರನೇ ವಾರಕ್ಕೆ ಓಡಿ ಬಂದವರೇ ಎರಡನೇ ಸಲ ಮುರಿದುಕೊಳ್ಳುವುದು.

ಕಾರಣ ಸಾಮಾನ್ಯವಾಗಿ ಎರಡು. ಮೊದಲನೆಯದು ಲೆಕ್ಕ. ಶಾಲಾ ಪಂದ್ಯದಲ್ಲಿ ಐದು ಓವರ್, ಸಂಜೆ ಅಕಾಡೆಮಿ ನೆಟ್‌ನಲ್ಲಿ ಮುಕ್ಕಾಲು ಗಂಟೆ, ಭಾನುವಾರ ವಲಯದ ಟ್ರಯಲ್. ಮೂರು ಕಡೆಯ ಮೂವರು ಕೋಚ್‌ಗಳಿಗೂ ತಂತಮ್ಮ ಲೆಕ್ಕ ಮಾತ್ರ ಗೊತ್ತು. ಒಟ್ಟು ಲೆಕ್ಕ ಗೊತ್ತಿರುವುದು ಆ ಬೆನ್ನಿಗೆ! ಇಂಗ್ಲೆಂಡ್ ಮಂಡಳಿ ಬಹಳ ಕಾಲ ಬಳಸಿದ ಮಿತಿ ಒಳ್ಳೆಯ ಅಳತೆಗೋಲು: 13ರವರೆಗೆ ಒಂದು ಸ್ಪೆಲ್‌ಗೆ (ಬಿಡುವಿಲ್ಲದೆ ಒಂದೇ ಸರದಿಯಲ್ಲಿ) 5 ಓವರ್, ದಿನಕ್ಕೆ 10. 14 ಮತ್ತು 15ಕ್ಕೆ ಸ್ಪೆಲ್‌ಗೆ 6, ದಿನಕ್ಕೆ 12. ಸತತ ಎರಡು ದಿನಕ್ಕಿಂತ ಹೆಚ್ಚಿಲ್ಲ, ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚಿಲ್ಲ. ನೆಟ್‌ನ ಚೆಂಡೂ ಚೆಂಡೇ. ಕ್ಯಾಲೆಂಡರ್ ಹಾಳೆಯ ಮೇಲೆ ದಿನದ ಓವರ್ ಬರೆದು ಮೂರೂ ಕೋಚ್‌ಗಳಿಗೆ ವಾಟ್ಸ್‌ಆ್ಯಪ್ ಮಾಡಿ.

ಎರಡನೆಯದು ಆ್ಯಕ್ಷನ್. ಕಾಲು ಮತ್ತು ಸೊಂಟ ಬ್ಯಾಟರ್ ಕಡೆಗೆ ತೆರೆದಿದ್ದು ಭುಜ ಮಾತ್ರ ಪಕ್ಕಕ್ಕೆ ತಿರುಗಿದರೆ ನಡುವಿನ ಬೆನ್ನನ್ನು ಒದ್ದೆ ಬಟ್ಟೆಯಂತೆ ಹಿಂಡಿದ ಹಾಗೆ. ಅಂಪೈರ್ ನಿಲ್ಲುವ ಜಾಗದಿಂದ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಹಿಂಗಾಲು ನೆಲ ಮುಟ್ಟಿದ ಕ್ಷಣದಲ್ಲಿ ಸೊಂಟ ಮತ್ತು ಭುಜ ಒಂದೇ ಕಡೆ ನೋಡುತ್ತಿರಬೇಕು. ತಿದ್ದುವುದು ಸೀಸನ್ ಮುಗಿದ ಮೇಲೆ, ಮೂರು ಹೆಜ್ಜೆಯ ಓಟದಿಂದ.

ಇನ್ನೊಂದು ವಿಷಯ ನೀವೇ ಕೇಳಬೇಕು, ಕೋಚ್ ಗಂಡಸಾದರೆ ಕೇಳಲು ಹಿಂಜರಿಯುತ್ತಾರೆ. ಮುಟ್ಟು ನಿಯಮಿತವಾಗಿ ಆಗುತ್ತಿದೆಯೇ? ಶುರುವಾದ ಮೇಲೆ ಮೂರು ತಿಂಗಳು ನಿಂತಿದ್ದರೆ ಆಟಕ್ಕೆ ತಕ್ಕ ಊಟ ಸಾಲುತ್ತಿಲ್ಲದಿರಬಹುದು. ಆಗ ಮೂಳೆಯೂ ಸೋಲುತ್ತದೆ. ವೈದ್ಯರಿಗೆ ಇದನ್ನೂ ಹೇಳಿ. ಕೋಚ್ ಆಗಿ ಬರುವ ಮಾಜಿ ಆಟಗಾರ್ತಿ ಮೊದಲ ದಿನದಿಂದಲೇ ಉಪಯೋಗಕ್ಕೆ ಬರುವುದು ಇಂಥ ಕಡೆ.

ಪ್ರಶ್ನೆ: ನಾನು ರಾಜ್ಯಕ್ಕೆ ಕೀಪಿಂಗ್ ಮಾಡಿದವಳು. ಈಗ ಕಲಿಸುತ್ತಿದ್ದೇನೆ. ನಾನು ಮಾಡಿ ತೋರಿಸಿದರೂ ಹುಡುಗಿಯರಿಗೆ ಬರುವುದಿಲ್ಲ, ಸಿಟ್ಟು ಬರುತ್ತದೆ. – ಕೋಚ್, ತುಮಕೂರು

ಉತ್ತರ: ನಿಮ್ಮ ಕೈ ಹದಿನೈದು ವರ್ಷದಲ್ಲಿ ಕಲಿತದ್ದನ್ನು ಬಾಯಿ ಕಲಿತಿಲ್ಲ, ಅಷ್ಟೇ. ಮೈಗೆ ಇಳಿದ ವಿದ್ಯೆ ಮಾತಿಗೆ ಸಿಗುವುದು ಕಷ್ಟ. ಒಳ್ಳೆಯ ದೋಸೆ ಹಾಕುವವರನ್ನು ಹಿಟ್ಟಿನ ಹದ ಕೇಳಿದರೆ ‘ನೋಡಿದ್ರೆ ಗೊತ್ತಾಗುತ್ತೆ’ ಅನ್ನುತ್ತಾರಲ್ಲ, ಹಾಗೆ. ಬಾರದವಳು ಸೋಮಾರಿ ಎಂದು ನಿಮಗೆ ಅನಿಸತೊಡಗುತ್ತದೆ. ಸಿಟ್ಟು ಅಲ್ಲಿಂದ.

ಸ್ಟಂಪಿನ ಹತ್ತಿರ ನಿಲ್ಲುವ ಕೀಪಿಂಗನ್ನೇ ತೆಗೆದುಕೊಳ್ಳೋಣ. ಹೊಸಬರ ಮುಖ್ಯ ತಪ್ಪು ಚೆಂಡು ನೆಲಕ್ಕೆ ಬೀಳುವ ಮೊದಲೇ ಎದ್ದುಬಿಡುವುದು. ಎದ್ದಮೇಲೆ ತಗ್ಗಿನ ಚೆಂಡಿಗೆ ಕೈ ಮೇಲಿಂದ ಕೆಳಗೆ ಹೋಗಬೇಕು, ತಡವಾಗುತ್ತದೆ. ಏಕೆ ಬೇಗ ಏಳುತ್ತಾರೆ? ಭಾರ ಹಿಮ್ಮಡಿಯ ಮೇಲಿದೆ, ಕೂತಿರುವುದು ಕಷ್ಟ. ಹಾಗಾಗಿ ‘ಬೇಗ ಏಳಬೇಡ’ ಎಂದು ನೂರು ಸಲ ಕೂಗಿದರೂ ಫಲವಿಲ್ಲ. ಪಾದವನ್ನು ಭುಜಕ್ಕಿಂತ ಕೊಂಚ ಅಗಲಕ್ಕೆ ಇಡಿಸಿ, ಭಾರ ಪಾದದ ಮುಂಭಾಗಕ್ಕೆ ತನ್ನಿ, ಗ್ಲೌಸಿನ ತುದಿ ನೆಲ ಮುಟ್ಟಿರಲಿ. ಹೇಳಬೇಕಾದ ಮಾತು ಒಂದೇ: ‘ಚೆಂಡು ನೆಲ ಬಿಟ್ಟಮೇಲೆ ನೀನು ನೆಲ ಬಿಡು.’

ಅಭ್ಯಾಸಕ್ಕೆ ಐದಾರು ಮೀಟರ್ ದೂರದಿಂದ ಟೆನಿಸ್ ಬಾಲ್, ಅವಳ ಮುಂದೆ ಒಂದು ಮೀಟರ್‌ನಲ್ಲಿ ಪುಟಿಯುವಂತೆ. ಐದು ಚೆಂಡು, ಅರ್ಧ ನಿಮಿಷ ಬಿಡುವು, ಹೀಗೆ ಆರು ಸುತ್ತು. ಮೊದಲ ವಾರ ಗ್ಲೌಸ್ ಬೇಡ. ಬರಿಗೈಯಲ್ಲಿ ಗಟ್ಟಿಯಾಗಿ ಹಿಡಿಯಲು ಹೋದರೆ ಟೆನಿಸ್ ಬಾಲ್ ಚಿಮ್ಮುತ್ತದೆ, ಕೈ ತಾನಾಗಿ ಮೃದುವಾಗುತ್ತದೆ. ಎರಡನೇ ವಾರ ಎದುರಿಗೆ ಬ್ಯಾಟ್ ಬೀಸಿ ತಪ್ಪಿಸುವವಳೊಬ್ಬಳನ್ನು ನಿಲ್ಲಿಸಿ. ಲೆದರ್ ಬಾಲ್ ಮೂರನೇ ವಾರಕ್ಕೆ, ಹೆಲ್ಮೆಟ್ ಸಹಿತ. ಬೆರಳು ಚೆಂಡಿನತ್ತ ನೆಟ್ಟಗೆ ಚಾಚಿದ್ದರೆ ಅಲ್ಲೇ ನಿಲ್ಲಿಸಿ. ಬೆರಳು ಮುರಿಯುವುದು ಹಾಗೆ.

ತೋರಿಸುವುದಕ್ಕೂ ಕ್ರಮವಿದೆ. ನಿಧಾನವಾಗಿ ಮೂರು ಸಲ, ಒಮ್ಮೆ ಪಕ್ಕದಿಂದ, ಎರಡು ಸಲ ಅವರು ನಿಮ್ಮ ಬೆನ್ನ ಹಿಂದೆ ನಿಂತು ನೋಡುವಂತೆ. ಎದುರು ನಿಂತು ತೋರಿಸಿದರೆ ಎಡ ಬಲ ತಿರುಗುಮುರುಗಾಗುತ್ತದೆ. ಆಮೇಲೆ ಆರು ಚೆಂಡು ಬಾಯಿ ಮುಚ್ಚಿಕೊಂಡಿರಿ. ನಂತರ ಅವಳನ್ನೇ ಕೇಳಿ, ‘ಏನನ್ನಿಸ್ತು?’ ಪ್ರತಿ ಚೆಂಡಿಗೂ ತಿದ್ದಿಸಿಕೊಂಡವಳು ಪಂದ್ಯದ ನಡುವೆ ಬೌಂಡರಿಯಲ್ಲಿ ನಿಂತ ನಿಮ್ಮ ಮುಖವನ್ನೇ ನೋಡುತ್ತಿರುತ್ತಾಳೆ.

ಪ್ರಶ್ನೆ: ಈಗ ಮಹಿಳಾ ಕ್ರಿಕೆಟ್‌ನಲ್ಲಿ ದುಡ್ಡು ಇದೆಯಂತಲ್ಲ. ಕೋಚ್‌ಗಳಿಗೂ ಇದೆಯೇ? – ಓದುಗರು, ಬೆಳಗಾವಿ

ಉತ್ತರ: ಮೇಲೆ ಇದೆ, ಕೆಳಗೆ ಸುರಿದಿಲ್ಲ. 2022ರ ಅಕ್ಟೋಬರ್‌ನಲ್ಲಿ ಬಿಸಿಸಿಐ ಭಾರತ ತಂಡದ ಆಟಗಾರ್ತಿಯರಿಗೆ ಗಂಡಸರಷ್ಟೇ ಪಂದ್ಯ ಶುಲ್ಕ ಘೋಷಿಸಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ. ಮಹಿಳಾ ಕ್ರಿಕೆಟ್ ಬಿಸಿಸಿಐ ಕೆಳಗೆ ಬಂದದ್ದೇ 2006ರಲ್ಲಿ. ಅದಕ್ಕೂ ಹಿಂದಿನವರು ರೈಲ್ವೆ, ಬ್ಯಾಂಕ್ ಕೆಲಸ ನಂಬಿ ಆಡಿದರು. ಶಾಲೆ, ಅಕಾಡೆಮಿ ಕೋಚ್‌ಗಳ ಸ್ಥಿತಿ ಇಂದೂ ಹೆಚ್ಚುಕಡಿಮೆ ಹಾಗೇ ಇದೆ, ಇನ್ನೊಂದು ಉದ್ಯೋಗ ಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನಾಲ್ಕು ಸಂಗತಿ ಬರಹದಲ್ಲಿ ಕೇಳಿ: ವರ್ಷದಲ್ಲಿ ಎಷ್ಟು ತಿಂಗಳ ಸಂಬಳ, ಪ್ರವಾಸದ ದಿನಭತ್ಯೆ, ಅಪಘಾತ ವಿಮೆ, ಬಿಡಿಸಲು ಎಷ್ಟು ದಿನದ ನೋಟಿಸ್. ಸೀಸನ್ನಿನ ಆರು ತಿಂಗಳಿಗೆ ಮಾತ್ರ ಸಂಬಳ ಕೊಟ್ಟು ಹನ್ನೆರಡು ತಿಂಗಳು ದುಡಿಸಿಕೊಳ್ಳುವ ಕಡೆ ಇವೆ.

ಪ್ರಶ್ನೆ: ಹುಡುಗಿಯರ ಶಿಬಿರಕ್ಕೆ ಮಹಿಳಾ ಕೋಚ್ ಸಿಗುತ್ತಿಲ್ಲ. ಗಂಡಸರೇ ನಡೆಸಬಹುದೇ? ಹೆಂಗಸರು ಹುಡುಗರಿಗೆ ಕಲಿಸುವುದುಂಟೇ? – ಅಕಾಡೆಮಿ ನಡೆಸುವವರು, ದಾವಣಗೆರೆ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ಉಂಟು. ಆಸ್ಟ್ರೇಲಿಯಾದ ಜೂಲಿಯಾ ಪ್ರೈಸ್ 2019ರಲ್ಲಿ ಬ್ರಿಸ್ಬೇನ್ ಹೀಟ್ ಪುರುಷರ ತಂಡದ ಸಹಾಯಕ ಕೋಚ್ ಆದರು. 2021ರಲ್ಲಿ ಸಸೆಕ್ಸ್ ಕೌಂಟಿ ತನ್ನ ಗಂಡಸರ ಕೀಪಿಂಗ್ ಕಲಿಸಲು ಇಂಗ್ಲೆಂಡ್‌ನ ಸಾರಾ ಟೇಲರ್ ಅವರನ್ನು ಕರೆಯಿತು. ನಿಮ್ಮ ಅಕಾಡೆಮಿಯ ಅಂಡರ್-14 ಹುಡುಗರನ್ನು ಒಬ್ಬ ಮಾಜಿ ಆಟಗಾರ್ತಿಗೆ ವಹಿಸಲು ಏನಡ್ಡಿ?

ಗಂಡಸರು ಹುಡುಗಿಯರಿಗೆ ಕಲಿಸಬಹುದು, ಆದರೆ ಕೆಲವು ಕಟ್ಟಳೆ ಮೊದಲ ದಿನವೇ ಬರೆದು ಗೋಡೆಗೆ ಅಂಟಿಸಿ. ಮೈದಾನದಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಒಬ್ಬರು ಹೆಂಗಸು. ಅವರು ಕೋಚೇ ಆಗಬೇಕಿಲ್ಲ, ಯಾರದಾದರೂ ತಾಯಿಯಾದರೂ ಸರಿ. ಹಿಡಿತ, ನಿಲುವು ತಿದ್ದುವಾಗ ಮೈ ಮುಟ್ಟುವ ಬದಲು ಬ್ಯಾಟಿನಿಂದ, ಕೋನ್‌ನಿಂದ ತೋರಿಸಿ. ಹುಡುಗಿಗೆ ಒಂಟಿಯಾಗಿ ಸಂದೇಶ ಕಳಿಸುವಂತಿಲ್ಲ, ಪೋಷಕರಿರುವ ಗುಂಪಿಗೇ ಹಾಕಬೇಕು. ಪ್ರವಾಸದಲ್ಲಿ ಮಹಿಳಾ ಮ್ಯಾನೇಜರ್ ಇಲ್ಲದಿದ್ದರೆ ತಂಡ ಹೊರಡಬಾರದು. ದೂರು ಬಂದರೆ ‘ಒಳಗೇ ಮುಗಿಸೋಣ’ ಎನ್ನುವಂತಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದವರಿಗೆ 21ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಸ್ಯಾನಿಟರಿ ಪ್ಯಾಡ್ ಎಸೆಯಲು ಮುಚ್ಚಳದ ಡಬ್ಬಿ ಇರಲಿ. ಇವಿಲ್ಲದ ಮೈದಾನದಲ್ಲಿ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಮಧ್ಯಾಹ್ನಕ್ಕೆ ಸ್ನಾಯು ಹಿಡಿದುಕೊಳ್ಳುತ್ತದೆ. ನಾವು ಫಿಟ್‌ನೆಸ್ ಸಾಲದು ಅನ್ನುತ್ತೇವೆ.

ಪ್ರಶ್ನೆ: ನನಗೆ 19. ಆಟ ಅಷ್ಟಕ್ಕಷ್ಟೆ, ಆದರೆ ಸ್ಕೋರ್ ಬರೆಯುವುದು ಇಷ್ಟ. ಅದರಿಂದ ಕೋಚಿಂಗ್‌ಗೆ ದಾರಿ ಇದೆಯೇ? – ವಿದ್ಯಾರ್ಥಿನಿ, ಕೋಲಾರ

ಉತ್ತರ: ಇದೆ. ತಂಡಗಳಿಗೆ ಈಗ ವಿಡಿಯೊ ಅನಲಿಸ್ಟ್ ಬೇಕು, ಆ ಕೆಲಸದ ಬೇರು ಸ್ಕೋರ್‌ಬುಕ್ಕೇ. ಸಾಮಾನ್ಯ ಸ್ಕೋರ್‌ಬುಕ್ ಪಕ್ಕದಲ್ಲಿ ಇನ್ನೊಂದು ಹಾಳೆ ಇಡಿ. ಪ್ರತಿ ಚೆಂಡಿಗೆ ಮೂರು ಗುರುತು: ಎಲ್ಲಿ ಪುಟಿಯಿತು (ಗಿಡ್ಡ, ಗುಡ್ ಲೆಂತ್, ಮುಂದೆ), ಯಾವ ಸ್ಟಂಪಿನ ಸಾಲು, ಬ್ಯಾಟರ್ ಮುಂದಕ್ಕೆ ಬಂದಳೋ ಹಿಂದಕ್ಕೋ. 20 ಓವರ್ ಅಂದರೆ 120 ಸಾಲು. ಪಂದ್ಯ ಮುಗಿದ ಮೇಲೆ ಒಬ್ಬ ಬ್ಯಾಟರ್ ರನ್ ಗಳಿಸದ ಚೆಂಡುಗಳನ್ನು ಮಾತ್ರ ಎಣಿಸಿ. 30 ಡಾಟ್‌ನಲ್ಲಿ 18 ಆಫ್ ಸ್ಟಂಪ್ ಹೊರಗಿನ ಗುಡ್ ಲೆಂತ್ ಆಗಿದ್ದರೆ ನಾಳೆಯ ನೆಟ್‌ನಲ್ಲಿ ಅವಳಿಗೆ ಏನು ಎಸೆಯಬೇಕೆಂದು ನಿಮ್ಮ ಊರಿನ ಕೋಚ್‌ಗೆ ನೀವೇ ಹೇಳಬಹುದು. ಪೆನ್ಸಿಲ್ ಬಳಸಿ. ಥರ್ಡ್ ಅಂಪೈರ್ ಇಲ್ಲದ ಪಂದ್ಯದಲ್ಲೂ ವೈಡ್ ತಡವಾಗಿ ಬರುತ್ತದೆ.